ಇಲಿ ತುಸ್ಸಾಳ ಸಾಕ್ಷಿ

"ಬಾಯಿ ಮುಚ್ಕೊಂಡು ವಾಫಲ್ ತಿನ್ನು, ಗುನ್‌ವೋರ್. ಇಲಿ ಓಡೋವಾಗ ಮಾತಾಡ್ಬಾರ್ದು," ಎಂದ ಹಾಲ್ವ್‌ದಾನ್.

"ಬಾಯಿ ಮುಚ್ಕೊಂಡು ತಿನ್ನೋದು ಹೇಗೆ ಅಂತ ನಿಮ್ಮ ವಿಜ್ಞಾನ ಕಂಡುಹಿಡಿದಿದ್ಯಾ?" ಎಂದೆ ನಾನು.

ಅವನು ಸದ್ದಿಲ್ಲದೆ ನಕ್ಕ. ಟ್ರೊಂಡ್‌ಹೈಮ್ ಊರಿಗೆಲ್ಲ ಅವನು ದೊಡ್ಡ ಪ್ರೊಫೆಸರ್. ನನಗೆ ಮಾತ್ರ ಇನ್ನೂ ಫ್ರೋಯಾ ದ್ವೀಪದ ಪಕ್ಕದ ಮನೆಯ ಕುಳ್ಳ ಹುಡುಗ. ಏಡಿ ಹಿಡಿಯಲು ಹೋಗಿ ನೀರಿಗೆ ಬಿದ್ದು, ನನ್ನ ಕೈಯಲ್ಲಿ ಜುಟ್ಟು ಹಿಡಿದು ಎಳೆಸಿಕೊಂಡವನು. ಪೊಲೀಸ್ ಕೆಲಸದಿಂದ ನಿವೃತ್ತಳಾಗಿ ಹಾಯಾಗಿದ್ದೇನೆ, ಯಾರ ಗೋಜೂ ಬೇಡ ಎಂದುಕೊಂಡಿದ್ದರೂ ಅವನು ಕರೆದರೆ ಬೂಟು ಹಾಕಿಕೊಂಡು ಹೊರಟುಬಿಡುತ್ತೇನೆ.

ಈ ಸಲ ಕರೆದದ್ದು ಕಳ್ಳತನಕ್ಕೆ, ಪೊಲೀಸರಿಗಿಂತ ಹಳೆಯ ಗೆಳತಿಯೇ ವಾಸಿ ಎಂದಿದ್ದ. ಕಳೆದ ಗುರುವಾರ ಅವನ ಪ್ರಯೋಗಾಲಯದ ಬೀರುವಿನಿಂದ ಒಂದು ಮೈಕ್ರೋಸ್ಕೋಪು ಮಾಯವಾಗಿತ್ತು. ಹೆಬ್ಬೆರಳ ಉಗುರಿನಷ್ಟು ಗಾತ್ರದ್ದು, ಇಲಿಯ ತಲೆಯ ಮೇಲೆ ಕೂರಿಸುವಂಥದ್ದು, ಜಗತ್ತಿನಲ್ಲಿ ಅಂಥದ್ದು ಇನ್ನೊಂದಿಲ್ಲ. ಬೀರುವಿನ ಕೀಲಿ ಸಂಶೋಧನಾ ವಿದ್ಯಾರ್ಥಿನಿ ಇಸೆಲಿನ್ ಬಳಿ ಇತ್ತು, ಬೆರಳೆಲ್ಲ ಅವಳ ಕಡೆಗೇ ತಿರುಗಿತ್ತು.

ಇವತ್ತು ಈಸ್ಟರ್‌ಗೆ ಮುಂಚಿನ ಬುಧವಾರ. ಮಧ್ಯಾಹ್ನವಾದರೆ ಊರೇ ಖಾಲಿ. ಕಾರಿಗೆ ಸ್ಕೀ ಕಟ್ಟಿ, ಕಿತ್ತಳೆ ಹಣ್ಣು ತುಂಬಿಕೊಂಡು, ಎರಡು ಪತ್ತೇದಾರಿ ಕಾದಂಬರಿ ಬಗಲಲ್ಲಿಟ್ಟುಕೊಂಡು ಎಲ್ಲರೂ ಬೆಟ್ಟದ ಮೇಲಿನ ಮರದ ಮನೆಗೆ ಓಡುತ್ತಾರೆ. ಸಂಸ್ಥೆಯ ನಿರ್ದೇಶಕಿಯೂ ಓಡುವವಳೇ. ಓಡುವ ಮುಂಚೆ ಇಸೆಲಿನ್‌ಳ ಹೆಸರು ಹೊಡೆದುಹಾಕುವ ಕಾಗದಕ್ಕೆ ಸಹಿ ಹಾಕುತ್ತೇನೆಂದು ಹೇಳಿದ್ದಳು. ಹೆಸರು ಹೋದರೆ ಹುಡುಗಿಯ ಡಾಕ್ಟರೇಟೂ ಹೋಯಿತು, ಇಲಿಗಳೂ ಹೋದವು. ಕಳ್ಳಿ ಅನ್ನಿಸಿಕೊಂಡವಳನ್ನು ಬೇರೆ ಯಾವ ಪ್ರಯೋಗಾಲಯವೂ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ನನಗಿದ್ದದ್ದು ಈ ಬೆಳಿಗ್ಗೆ ಮಾತ್ರ. ಆದರೂ ಸುಳ್ಳೇಕೆ ಹೇಳಲಿ, ನಾನು ಖುಷಿಯಾಗಿಯೇ ಇದ್ದೆ. ಕಿಟಕಿಯಾಚೆ ಹಿಮ ಕರಗಿ ಸೂರಿನಿಂದ ತೊಟ್ಟಿಕ್ಕುತ್ತಿತ್ತು, ಫ್ಯೋರ್ಡ್ ಎಂಬ ಕಡಲ ಚಾಚಿನ ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಕೈಯಲ್ಲಿ ಕಂದು ಚೀಸ್ ಹಾಕಿದ ಬಿಸಿ ವಾಫಲ್ ಇತ್ತು. ಜೊತೆಗೊಂದು ಒಳ್ಳೆಯ ಒಗಟು.

ಕೋಣೆಯ ನಡುವೆ ಇಳಿಬಿಟ್ಟ ಬಟ್ಟೆಯ ಪರದೆಯ ಈಚೆ ನಾನೂ ಹಾಲ್ವ್‌ದಾನನೂ ಆಚೆಯದನ್ನು ತೋರಿಸುವ ಟಿವಿ ಮುಂದೆ ಕೂತಿದ್ದೆವು. ಪರದೆಯ ಆಚೆ ಇಸೆಲಿನ್ ನಿಂತಿದ್ದಳು, ಅವಳ ಮುಂದೆ ಕಪ್ಪು ಗೋಡೆಯ ದೊಡ್ಡ ಚೌಕ ಪೆಟ್ಟಿಗೆ. ಅದರೊಳಗೆ ತುಸ್ಸಾ ಎಂಬ ಇಲಿ. ತಲೆ, ಭುಜ ಕಪ್ಪು, ಉಳಿದ ಮೈಯೆಲ್ಲ ಬಿಳಿ. ಇಸೆಲಿನ್ ಎಸೆಯುವ ಬಿಸ್ಕತ್ತಿನ ಚೂರು ಹೆಕ್ಕುತ್ತಾ ತುಸ್ಸಾ ಪೆಟ್ಟಿಗೆಯ ತುಂಬ ಓಡಾಡುತ್ತಿದ್ದಳು. ತಲೆಯ ಮೇಲಿನ ಪುಟ್ಟ ಟೊಪ್ಪಿಗೆಯಿಂದ ಸಣ್ಣ ತಂತಿಯೊಂದು ಮೇಲಕ್ಕೆ ಹೋಗಿ ಚಾವಣಿಯ ಹಲಗೆಯೊಳಗೆ ನುಗ್ಗಿತ್ತು. ಮಿದುಳಿನಲ್ಲಿ ನಡೆಯುವುದೆಲ್ಲ ಆ ತಂತಿಯಲ್ಲಿ ಹರಿದುಬಂದು ನಮ್ಮೆದುರಿನ ಸ್ಪೀಕರಿನಲ್ಲಿ ಕೇಳುತ್ತಿತ್ತು.

"ಕೇಳು, ಈಗ ಬಲಗಡೆ ಮೂಲೆಗೆ ಹೋಗ್ತಾಳೆ," ಎಂದ ಹಾಲ್ವ್‌ದಾನ್, ಮೊಮ್ಮಗಳ ಕುಣಿತ ತೋರಿಸುವ ಅಜ್ಜನ ಹಾಗೆ.

ತುಸ್ಸಾ ಮೂಲೆಗೆ ಹೋದಳು. ಸ್ಪೀಕರಿನಲ್ಲಿ ಬಾಣಲೆಯಲ್ಲಿ ಜೋಳ ಅರಳಿದಂತೆ ಚಟಪಟ ಸದ್ದು. ಮೂಲೆ ಬಿಟ್ಟಳು, ಸದ್ದು ನಿಂತಿತು.

"ಅದು ಆ ಮೂಲೆಯ ಜೀವಕೋಶ. ಅವಳು ಬೇರೆಲ್ಲಿದ್ರೂ ಅದು ಸುಮ್ನಿರತ್ತೆ. ಆ ಮೂಲೆಗೆ ಬಂದ್ಲೋ, ಎದ್ದು ಕೂಗತ್ತೆ. ನಡುವಿಗೊಂದು, ಬಾಗಿಲ ಕಡೆಗೊಂದು, ಹೀಗೆ ಎಲ್ಲಾ ಸೇರಿ ತಲೇಲಿ ಈ ಪೆಟ್ಟಿಗೆಯ ನಕ್ಷೆ ತಯಾರಾಗಿರತ್ತೆ. ಪಕ್ಕದ ಭಾಗದಲ್ಲಿ ಇರೋವು ಇನ್ನೂ ಜಾಣ ಕೋಶಗಳು. ನೆಲಕ್ಕೆಲ್ಲ ಜೇನುಗೂಡಿನ ಹಾಗೆ ಗುರುತು ಹಾಕಿಟ್ಕೊಂಡಿರ್ತವೆ. ದೀಪ ಆರಿಸಿದ್ರೂ ಇಲಿ ದಾರಿ ತಪ್ಪಲ್ಲ."

"ನಿನ್ನ ತಲೇಲಿ ಅಂಥದ್ದು ಒಂದೂ ಇಲ್ಲ ಬಿಡು. ಮನೆ ಹಿಂದಿನ ಗುಡ್ಡದಲ್ಲೇ ಎಷ್ಟು ಸಲ ಕಳೆದುಹೋಗಿದ್ದೆ!"

"ಅದಕ್ಕೇ ಇಲಿ ಹತ್ರ ಕಲೀಲಿಕ್ಕೆ ಬಂದಿದ್ದು," ಎಂದ ಅವನು.

ಅಷ್ಟರಲ್ಲಿ ತುಸ್ಸಾ ಪೆಟ್ಟಿಗೆಯ ನಟ್ಟನಡುವೆ ಬಂದಳು. ಅಲ್ಲಿ ಏನೂ ಇರಲಿಲ್ಲ, ಬಿಸ್ಕತ್ತಿನ ಚೂರು ಕೂಡ. ಆದರೂ ಅವಳು ನಿಂತಳು, ಹಿಂಗಾಲ ಮೇಲೆ ಎದ್ದು ಮೀಸೆ ಕುಣಿಸುತ್ತಾ ಮೇಲಕ್ಕೆ ಮೂಸಿದಳು. ಸ್ಪೀಕರಿನಲ್ಲಿ ಬೇರೊಂದು ಸದ್ದು ಶುರುವಾಯಿತು, ಇನ್ನಷ್ಟು ಗಡುಸಾಗಿ.

ಹಾಲ್ವ್‌ದಾನ್‌ನ ನಗು ನಿಂತುಹೋಯಿತು.

"ಇದ್ಯಾವುದು?" ಎಂದೆ.

ಪರದೆ ಸರಿಸಿ ಇಸೆಲಿನ್ ತಲೆ ಹೊರಹಾಕಿದಳು. ಕುಳ್ಳಗಿನ, ಚುರುಕು ಕಣ್ಣಿನ ಹುಡುಗಿ. ಒಂದು ವಾರದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ, ಆದರೆ ಇಲಿಯ ವಿಷಯ ಬಂದರೆ ಮುಖ ಅರಳುತ್ತಿತ್ತು.

"ಗುನ್‌ವೋರ್, ಇದನ್ನೇ ನಾನು ನಿಮಗೆ ತೋರಿಸ್ಬೇಕು ಅಂತಿದ್ದದ್ದು. ಕೆಲವು ಕೋಶಗಳು ಇರೋ ವಸ್ತುಗೆ ಎದ್ದೇಳಲ್ಲ. ಹಿಂದೆ ಇದ್ದು ಈಗ ಇಲ್ಲದೆ ಹೋಗಿರೋ ವಸ್ತು ಇರತ್ತಲ್ಲ, ಅದರ ಜಾಗಕ್ಕೆ ಬಂದಾಗ ಏಳ್ತವೆ."

ನನಗೆ ಇದು ಥಟ್ಟನೆ ಅರ್ಥವಾಯಿತು. ನನ್ನ ಗಂಡ ತೀರಿಕೊಂಡ ಮೇಲೆ ಅವರ ಕುರ್ಚಿಯನ್ನು ಅಟ್ಟಕ್ಕೆ ಹಾಕಿಸಿ ಎಷ್ಟೋ ಕಾಲವಾಗಿದೆ. ಈಗಲೂ ಕಾಫಿ ಲೋಟ ಹಿಡಿದು ಕಿಟಕಿಗೆ ಹೋಗುವಾಗ ಆ ಕುರ್ಚಿಯನ್ನು ಬಳಸಿಕೊಂಡೇ ಹೋಗುತ್ತೇನೆ. ನನ್ನ ತಲೆಯಲ್ಲೂ ಅಂಥದ್ದೊಂದು ಕೋಶ ಕೂತಿದೆ ಎಂದು ತಿಳಿದು ಸಂತೋಷವೇ ಆಯಿತು.

"ಅಂದ್ರೆ ಪೆಟ್ಟಿಗೆ ನಡುವೆ ನೀನು ಏನೋ ಇಟ್ಟಿದ್ದೆ."

"ಇಲ್ಲ! ನನ್ನ ಪ್ರಯೋಗಕ್ಕೆ ಪೆಟ್ಟಿಗೆ ಖಾಲಿನೇ ಇರ್ಬೇಕು. ಯಾವತ್ತೂ ಏನೂ ಇಟ್ಟಿಲ್ಲ."

"ವಾಸನೆ ಇರಬಹುದು," ಎಂದ ಹಾಲ್ವ್‌ದಾನ್, ಕನ್ನಡಕ ತೆಗೆದು ಒರೆಸುತ್ತಾ.

"ಪ್ರತಿ ಓಟದ ಆಮೇಲೆ ನೆಲ ಒರೆಸ್ತೀನಿ, ಹಾಲ್ವ್‌ದಾನ್. ನೀವೇ ಕಲಿಸಿದ್ದು."

"ಇದು ಶುರುವಾಗಿದ್ದು ಯಾವಾಗ?" ಎಂದು ಕೇಳಿದೆ.

ಇಸೆಲಿನ್ ತುಟಿ ಕಚ್ಚಿದಳು. "ಗುರುವಾರ. ಅವತ್ತು ಮೊದಲ್ನೇ ಓಟದಲ್ಲಿ ಈ ಕೋಶ ಸತ್ತ ಹಾಗಿತ್ತು. ಆಮೇಲೆ ಎಲ್ಲಾರೂ ವಾಫಲ್‌ಗೆ ಹೋದ್ವಿ. ವಾಪಸ್ ಬಂದು ಎರಡನೇ ಓಟ ಓಡಿಸಿದ್ರೆ, ಇದು ಕೂಗ್ತಿತ್ತು."

ನಾನು ವಾಫಲ್ ತಟ್ಟೆ ಕೆಳಗಿಟ್ಟೆ. ಬೀರು ಬರಿದಾದದ್ದೂ ಅದೇ ವಾಫಲ್ ಹೊತ್ತಿನಲ್ಲಿ.

ಗುರುವಾರ ವಾಫಲ್ ದಿನ. ಅಡುಗೆಮನೆಯಲ್ಲಿ ಕಾವಲಿ ಬಿಸಿಯಾದರೆ ಇಡೀ ಮಹಡಿ ಅಲ್ಲಿರುತ್ತದೆ. ಯಾರು ಯಾವಾಗ ಎದ್ದುಹೋದರು, ಯಾವಾಗ ಬಂದರು ಎಂದು ಕೇಳಿದರೆ ಒಬ್ಬರಿಗೂ ನೆನಪಿಲ್ಲ, ಎಲ್ಲರ ಕಣ್ಣೂ ತಟ್ಟೆಯ ಮೇಲೆ. ಕೀಲಿಯನ್ನು ಇಸೆಲಿನ್ ಗೋಡೆಯ ಮೊಳೆಗೆ ನೇತುಹಾಕುತ್ತಾಳೆ ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು.

"ಆ ಹೊತ್ತಲ್ಲಿ ತುಸ್ಸಾ ಎಲ್ಲಿದ್ಲು?"

"ಪೆಟ್ಟಿಗೇಲೇ, ಮೂಲೇಲಿ ಮಲಗಿದ್ಲು. ಪ್ರಯೋಗ ಪೂರ್ತಿ ಮುಗಿಯೋವರೆಗೂ ತಂತಿ ಬಿಚ್ಚೋ ಹಾಗಿಲ್ಲ. ಬಿಚ್ಚಿ ಮತ್ತೆ ಹಾಕೋವಾಗ ಮಿದುಳಲ್ಲಿರೋ ತಂತಿ ಕೂದಲೆಳೆಯಷ್ಟು ಅಲುಗಿದ್ರೂ ಆ ಕೋಶ ಕೈತಪ್ಪಿ ಹೋಗತ್ತೆ. ತಿಂಗಳುಗಟ್ಟಲೆ ಹುಡುಕಿದ್ದು ಒಂದೇ ಏಟಿಗೆ ಮಣ್ಣುಪಾಲು."

ನಾನು ಪರದೆ ಪೂರ್ತಿ ಸರಿಸಿ ಆಚೆ ಹೋಗಿ ಪೆಟ್ಟಿಗೆಯೊಳಗೆ ಇಣುಕಿದೆ. ತುಸ್ಸಾ ನನ್ನ ಬೆರಳು ಮೂಸಿ, ಇದು ತಿನ್ನುವಂಥದ್ದಲ್ಲ ಎಂದು ತೀರ್ಮಾನಿಸಿ ಹೊರಟುಹೋದಳು. ಅವಳು ಎದ್ದು ನಿಲ್ಲುತ್ತಿದ್ದ ಜಾಗ ಊಟದ ತಟ್ಟೆಯಷ್ಟು ಅಗಲವಿತ್ತು. ಅವಳು ಮೇಲಕ್ಕೆ ಮೂಸುತ್ತಿದ್ದಳು ಅಂದರೆ ಅಲ್ಲಿದ್ದದ್ದು ಎತ್ತರದ ವಸ್ತು. ನೇರ ಮೇಲೆ ನೋಡಿದೆ. ತಂತಿ ಹೋಗುವ ಆ ಚಾವಣಿ ಹಲಗೆಯೊಂದೇ ಸಡಿಲ, ಉಳಿದವಕ್ಕೆಲ್ಲ ತಿರುಪು ಹಾಕಿತ್ತು. ಕೋಣೆಯ ಮೂಲೆಯಲ್ಲಿ ಇಸೆಲಿನ್ ಕೂರುವ ಸ್ಟೂಲು. ದುಂಡನೆಯದು, ಒಂದೇ ಕಾಲು, ಕೆಳಗೆ ತಟ್ಟೆಯಂಥ ಬುಡ.

ಇಷ್ಟು ಸಾಕಾಗಿತ್ತು. ಕಳ್ಳ ಮೈಕ್ರೋಸ್ಕೋಪನ್ನು ಹೊರಗೆ ಒಯ್ದಿಲ್ಲ. ಪೆಟ್ಟಿಗೆಯೊಳಗೆ ಸ್ಟೂಲಿಟ್ಟು, ಹತ್ತಿ, ಚಾವಣಿಯೊಳಗೆ ಬಚ್ಚಿಟ್ಟಿದ್ದಾನೆ. ತುಸ್ಸಾ ಮೂಲೆಯಲ್ಲಿ ಕೂತು ಎಲ್ಲ ನೋಡಿದ್ದಾಳೆ. ಅವಳ ಕಣ್ಣೆದುರು ಇದೆಲ್ಲ ನಡೆದದ್ದಕ್ಕೆ ಕಾರಣ ಒಂದೇ, ಕಳ್ಳ ಅವಳನ್ನು ಹೊರಗೆ ತೆಗೆಯಲಿಲ್ಲ. ಹೊರಗಿನವನಾದರೆ ತಂತಿ ಕಿತ್ತು ಇಲಿಯನ್ನು ಅತ್ತ ದೂಡುತ್ತಿದ್ದ. ಕೋಶ ಕೈತಪ್ಪೀತು ಎಂದು ಕದಿಯುವ ಗಡಿಬಿಡಿಯಲ್ಲೂ ಹೆದರುವವರು ಈ ಮಹಡಿಯಲ್ಲಿ ಮಾತ್ರ ಸಿಗುತ್ತಾರೆ.

"ಯೋಸ್ಟೈನ್‌ನ ಕರಿ," ಎಂದೆ.

ಯೋಸ್ಟೈನ್ ಪಕ್ಕದ ಕೋಣೆಯ ಸಂಶೋಧಕ. ಇಸೆಲಿನ್ ಮೇಲೆ ದೂರು ಕೊಟ್ಟವನು. ಬಾಗಿಲ ಚೌಕಟ್ಟು ತಲೆಗೆ ತಾಗದಂತೆ ಬಗ್ಗಿ ಒಳಗೆ ಬಂದ. ಆಗಲೇ ಸ್ಕೀ ಜಾಕೆಟ್ಟು ಹಾಕಿಕೊಂಡಿದ್ದ.

"ಬೇಗ ಹೇಳಿ. ಬೆಟ್ಟದ ದಾರೀಲಿ ಕಾರುಗಳು ಸಾಲುಗಟ್ಟೋ ಮುಂಚೆ ನಾನು ಹೊರಡ್ಬೇಕು."

"ಗುರುವಾರ ವಾಫಲ್ ತಿನ್ನೋವಾಗ ಮಧ್ಯದಲ್ಲಿ ಎದ್ದು ಹೋಗಿದ್ಯಾ?"

"ಜಾಮ್ ಖಾಲಿಯಾಗಿತ್ತು. ತರೋಕೆ ಕೆಳಗೆ ಹೋಗಿದ್ದೆ."

"ಜಾಮ್ ತಂದ್ಯಾ?"

"ಇಲ್ಲ. ಅಲ್ಲೂ ಇರ್ಲಿಲ್ಲ."

"ಹೋಗಿದ್ದಕ್ಕೆ ಸಾಕ್ಷಿ?"

"ಇಲ್ಲದ ಜಾಮ್‌ಗೆ ಸಾಕ್ಷಿ ಎಲ್ಲಿಂದ ತರ್ಲಿ?" ಅವನ ಕಿವಿ ಕೆಂಪಾಯಿತು. "ನೋಡಿ, ನಾನೇನು ರಾಕ್ಷಸ ಅಲ್ಲ. ಆ ಮೈಕ್ರೋಸ್ಕೋಪ್‌ಗೆ ಮುಂದಿನ ವಾರ ನನ್ನ ಸರದಿ. ವರ್ಷದಿಂದ ಕಾದಿದ್ದೀನಿ. ಕೀಲಿ ಇವಳ ಹತ್ರ ಇತ್ತು, ಬೀರು ಖಾಲಿ ಇತ್ತು. ನಾನು ಇನ್ಯಾರ ಹೆಸರು ಹೇಳ್ಬೇಕಿತ್ತು?"

"ನನ್ನನ್ನ ಒಂದು ಮಾತು ಕೇಳಬಹುದಿತ್ತು," ಎಂದಳು ಇಸೆಲಿನ್. "ಮೂರು ವರ್ಷ ಒಂದೇ ಮೇಜಲ್ಲಿ ಬುತ್ತಿ ಬಿಚ್ಚಿದ್ದೀವಿ, ಯೋಸ್ಟೈನ್."

ಅವನು ಕಣ್ಣು ತಪ್ಪಿಸಿದ. ತಪ್ಪಿಸಿದ್ದು ನನಗೆ ಹಿಡಿಸಿತು. ಸಮಯ ನೋಡಿ ಬಾಣ ಬಿಟ್ಟೆ.

"ವರ್ಷದಿಂದ ಕಾದವನು. ಸರದಿ ಬರೋ ಮುಂಚೆ ಬಚ್ಚಿಟ್ಟು, ಇವಳನ್ನ ಹೊರಗೆ ಹಾಕಿಸಿದ್ರೆ, ಆಮೇಲೆ ಅದು ನಿನ್ನೊಬ್ಬನದ್ದೇ. ಪೆಟ್ಟಿಗೆ ನಡುವೆ ಸ್ಟೂಲ್ ಇಟ್ಟೆ. ತುಸ್ಸಾಳ ತಂತಿ ಮುಟ್ಲಿಲ್ಲ, ಮುಟ್ಟಬಾರ್ದು ಅಂತ ನಿನಗೆ ಗೊತ್ತು. ಹತ್ತಿ ಹಲಗೆ ಎತ್ತಿದೆ. ಆದ್ರೆ ಇಲಿ ಆ ಸ್ಟೂಲನ್ನ ಮರೀಲಿಲ್ಲ. ಬೇಕಾದ್ರೆ ಕೇಳು."

ತುಸ್ಸಾ ಆ ಹೊತ್ತಿಗೆ ಸರಿಯಾಗಿ ನಡುವೆ ಬಂದು ಎದ್ದು ನಿಂತಳು. ಸ್ಪೀಕರು ಚಟಪಟಗುಟ್ಟಿತು. ಇಷ್ಟು ಒಳ್ಳೆಯ ಸಾಕ್ಷಿ ನನ್ನ ಇಡೀ ಕೆಲಸದಲ್ಲಿ ಸಿಕ್ಕಿರಲಿಲ್ಲ. ಕುಡಿದು ಬರಲಿಲ್ಲ, ಮಾತು ತಿರುಗಿಸಲಿಲ್ಲ. ನಾನು ಒಳಗೊಳಗೇ ಬೀಗಿದೆ.

ಯೋಸ್ಟೈನ್ ನಗತೊಡಗಿದ. ಕೆಟ್ಟ ನಗೆಯಲ್ಲ, ನಿಜವಾಗಿ ನಗೆ ಬಂದವನ ನಗೆ.

"ಗುನ್‌ವೋರ್, ನನಗ್ಯಾಕೆ ಸ್ಟೂಲು?"

ಅವನು ಪೆಟ್ಟಿಗೆಯ ಹತ್ತಿರ ಬಂದು, ನಿಂತಲ್ಲೇ ಕೈ ಎತ್ತಿದ. ಅಂಗೈ ಆರಾಮವಾಗಿ ಚಾವಣಿಗೆ ತಾಗಿತು. ಹಿಮ್ಮಡಿ ಕೂಡ ನೆಲ ಬಿಡಲಿಲ್ಲ.

"ತಂತಿ! ತಂತಿ ಜೋಪಾನ!" ಎಂದು ಇಸೆಲಿನ್ ಕೂಗಿಕೊಂಡಳು.

"ಗೊತ್ತು ಮಾರಾಯ್ತಿ," ಎಂದು ಅವನು ಹಲಗೆಯನ್ನು ಮೆಲ್ಲಗೆ ಸರಿಸಿ, ಒಳಗೆ ಬೆರಳಾಡಿಸಿದ. ನಗು ಹಾಗೇ ನಿಂತಿತು. ಬೂದು ಬಣ್ಣದ ಚಿಕ್ಕ ಡಬ್ಬಿಯೊಂದು ಅವನ ಕೈಯಲ್ಲಿ ಇಳಿದು ಬಂತು. ಮುಚ್ಚಳ ತೆರೆದ. ಮೈಕ್ರೋಸ್ಕೋಪು ಹತ್ತಿಯ ಮೇಲೆ ಬೆಚ್ಚಗೆ ಮಲಗಿತ್ತು.

ವಸ್ತು ಸಿಕ್ಕಿತು, ನನ್ನ ಲೆಕ್ಕವೂ ಸರಿಯಾಗಿತ್ತು. ಆದರೆ ಅದೇ ಲೆಕ್ಕದ ಪ್ರಕಾರ ಕಳ್ಳತನ ಮಾಡಿದವರು ಈ ಮಹಡಿಯವರು, ಇಲಿಯ ತಂತಿಯ ಬೆಲೆ ಬಲ್ಲವರು, ಚಾವಣಿಗೆ ಕೈ ಎಟುಕದವರು. ಹುಡುಗಿಯನ್ನು ಉಳಿಸಲು ಹೆಣೆದ ಬಲೆಯನ್ನು ನಾನೇ ಅವಳ ತಲೆಯ ಮೇಲೆ ಹಾಕಿಬಿಟ್ಟಿದ್ದೆ.

ಯೋಸ್ಟೈನ್ ಕೆಳಗೆ ಇಸೆಲಿನ್ ಕಡೆ ನೋಡಿದ. ಅವಳ ನೆತ್ತಿ ಅವನ ಎದೆಯವರೆಗೂ ಬರುತ್ತಿರಲಿಲ್ಲ.

ಇಸೆಲಿನ್ ಸ್ಟೂಲಿನ ಕಡೆ ನೋಡಿದಳು. ಆಮೇಲೆ ಹಾಲ್ವ್‌ದಾನ್ ಕಡೆ, ಬಹಳ ಹೊತ್ತು. ಅವಳ ಮುಖದಲ್ಲಿ ಏನೋ ಇಳಿದುಹೋದಂತಾಯಿತು.

"ನಾನೇ," ಎಂದಳು. "ಸ್ಟೂಲ್ ಇಟ್ಟಿದ್ದು ನಾನೇ."

"ಇಸೆಲಿನ್!" ಎಂದೆ.

"ನಾನೇ ಅಂದ್ನಲ್ಲ. ಮೈಕ್ರೋಸ್ಕೋಪ್ ಯೋಸ್ಟೈನ್‌ಗೆ ಹೋಗತ್ತೆ ಅಂತ ಹೊಟ್ಟೆಕಿಚ್ಚು. ಬರ್ಕೊಳಿ."

ಪೊಲೀಸ್ ಕೆಲಸದಲ್ಲಿ ತಪ್ಪೊಪ್ಪಿಗೆಗಳನ್ನು ಎಷ್ಟು ಕೇಳಿದ್ದೇನೋ. ನಿಜವಾದದ್ದು ಇಷ್ಟು ಸಲೀಸಾಗಿ ಬರುವುದಿಲ್ಲ. ಸುಮ್ಮನೆ ಒಂದು ಪ್ರಶ್ನೆ ಕೇಳಿದೆ.

"ಸ್ಟೂಲ್ ಇಡೋವಾಗ ತುಸ್ಸಾಳನ್ನ ಏನ್ಮಾಡಿದೆ?"

"ತಂತಿ ಬಿಚ್ಚಿ ಪಂಜರಕ್ಕೆ ಬಿಟ್ಟೆ," ಎಂದಳು ತಟ್ಟನೆ. ಅವಮಾನವಾದವಳಂತೆ ಗಲ್ಲ ಎತ್ತಿದ್ದಳು. "ಅವಳು ಒಳಗಿರೋವಾಗ ಸ್ಟೂಲ್ ಹತ್ತೋಕಾಗತ್ತಾ? ಉರುಳಿ ಅವಳ ಮೇಲೆ ಬಿದ್ರೆ? ಕೋಶ ಹೋದ್ರೆ ಹೋಗ್ಲಿ, ಅವಳಿಗೆ ಏಟಾಗ್ಬಾರ್ದು."

ನನಗೆ ಅವಳನ್ನು ತಬ್ಬಿಕೊಳ್ಳುವಷ್ಟು ಪ್ರೀತಿ ಬಂತು. ಕಳ್ಳಿ ಎಂದು ಕರೆಸಿಕೊಳ್ಳಲು ತಯಾರಾಗಿದ್ದಳು, ಕಲಿತದ್ದನ್ನೆಲ್ಲ ಕೈಬಿಡಲು ತಯಾರಾಗಿದ್ದಳು. ಆದರೆ ಇಲಿಯೊಂದು ಕೂತಿರುವ ಪೆಟ್ಟಿಗೆಯಲ್ಲಿ ಸ್ಟೂಲು ಹತ್ತಿದೆ ಎಂದು ಹೇಳಲು, ಸುಳ್ಳಿಗೂ ಅವಳ ನಾಲಿಗೆ ಏಳಲಿಲ್ಲ.

ಯೋಸ್ಟೈನ್ ಫೋನು ಕಿವಿಗಿಟ್ಟುಕೊಂಡಿದ್ದ. "ನಿರ್ದೇಶಕಿಗೆ ಹೇಳ್ತೀನಿ. ಕ್ಷಮಿಸು, ಇಸೆಲಿನ್. ನೀನೇ ಒಪ್ಕೊಂಡೆ."

"ಇಡು ಫೋನು," ಎಂದೆ. "ಇವಳು ಸುಳ್ಳು ಹೇಳ್ತಿದ್ದಾಳೆ."

"ಯಾರಾದ್ರೂ ಕಳ್ಳತನ ಮಾಡಿದ್ದೀನಿ ಅಂತ ಸುಳ್ಳು ಹೇಳ್ತಾರಾ?"

"ಇವಳು ಹೇಳಿದ ಹಾಗೆ ತುಸ್ಸಾ ಪಂಜರದಲ್ಲಿದ್ದಿದ್ರೆ ಸ್ಟೂಲನ್ನ ನೋಡ್ತಿರ್ಲಿಲ್ಲ. ನೋಡದ ಸ್ಟೂಲಿನ ಜಾಗಕ್ಕೆ ಕೋಶ ಯಾಕೆ ಏಳತ್ತೆ? ಸ್ಟೂಲ್ ಇಟ್ಟವರು ತಂತಿ ಬಿಚ್ಚಲಿಲ್ಲ. ಇವಳು ಹೇಳೋದಕ್ಕೂ ಅದಕ್ಕೂ ಹೊಂದಲ್ಲ."

ಯೋಸ್ಟೈನ್ ಫೋನು ಇಳಿಸಿದ. ಜಾಣ ಹುಡುಗ, ಬೇಗ ಅರ್ಥ ಮಾಡಿಕೊಂಡ. "ಹಾಗಾದ್ರೆ ಯಾರು?"

ಇಸೆಲಿನ್ ನನ್ನ ತೋಳು ಹಿಡಿದಳು. ಅವಳ ಬೆರಳು ತಣ್ಣಗಿತ್ತು. "ಬೇಡ, ಗುನ್‌ವೋರ್. ದಮ್ಮಯ್ಯ. ನಾನು ಹೇಳಿದ್ದೇ ಇರ್ಲಿ."

ಈ ಮಹಡಿಯಲ್ಲಿ ಚಾವಣಿಗೆ ಕೈ ಎಟುಕದವರು ಇನ್ನೊಬ್ಬರೇ ಇದ್ದರು. ಚಿಕ್ಕಂದಿನಲ್ಲಿ ಸೇಬು ಕೀಳಲು ನನ್ನ ಹೆಗಲೇರುತ್ತಿದ್ದವನು, ಕಿತ್ತದ್ದನ್ನು ಇನ್ನೊಬ್ಬರಿಗೆ ಕೊಡಲಾರದೆ ಬಚ್ಚಿಡುತ್ತಿದ್ದವನು. ನಾನು ತಿರುಗಿ ನೋಡಲು ಹೆದರಿದೆ, ಆದರೂ ನೋಡಿದೆ.

ಹಾಲ್ವ್‌ದಾನ್ ಕುರ್ಚಿಯಿಂದ ಎದ್ದಿದ್ದ. ಪೆಟ್ಟಿಗೆಯಲ್ಲಿ ತುಸ್ಸಾ ಮತ್ತೆ ನಡುವೆ ಬಂದಿದ್ದಳು, ಚಟಪಟ ಸದ್ದು ಕೋಣೆ ತುಂಬಿತ್ತು. ಅವನು ಕೈ ಚಾಚಿ ಸ್ಪೀಕರನ್ನು ಆರಿಸಿಬಿಟ್ಟ.

"ಹುಡುಗಿ ಒಪ್ಕೊಂಡಾಯ್ತಲ್ಲ," ಎಂದ, ನನ್ನ ಮುಖ ನೋಡದೆ. "ಅಷ್ಟೇ ಬರ್ಕೋ, ಗುನ್‌ವೋರ್. ಒಂದು ಇಲಿ ಮಾತನ್ನ ಯಾರು ನಂಬ್ತಾರೆ?"